ಹಲಗೆ ಯಾವಾಗ, ಯಾವ ಕಿಂಡಿಗೆ?

ಕೇಳುಗರೇ, ನಮಸ್ಕಾರ.

ಮಳೆಗಾಲ ಮುಗಿದ ಮೇಲೆ ನಮ್ಮ ಉಡುಪಿ ಕಡೆ ಹೊಳೆಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ. ಹಾಕದಿದ್ದರೆ ಭರತದ ಹೊತ್ತಿಗೆ, ಅಂದರೆ ಸಮುದ್ರ ಉಬ್ಬಿದಾಗ, ಉಪ್ಪು ನೀರು ಹೊಳೆಯಲ್ಲಿ ಮೇಲೇರಿ ಬರುತ್ತದೆ. ಒಂದು ವರ್ಷ ನಮ್ಮಲ್ಲಿ ಹಲಗೆ ಬೀಳುವುದು ತಡವಾಯಿತು. ಬೇಸಗೆಯ ಕೊಳಕೆ ಬೆಳೆಗೆ ನೆಟ್ಟ ನೇಜಿ, ಅಂದರೆ ಭತ್ತದ ಸಸಿ, ತುದಿಯಿಂದ ಬಿಳಿಚಿ, ಸುರುಟಿಕೊಂಡಿತು. ಗದ್ದೆ ತುಂಬ ನೀರು, ಪೈರಿಗೆ ಬಾಯಾರಿಕೆ! ಅದೇ ಹೊಳೆ ಬದಿಯಲ್ಲಿ ಉಪ್ಪು ನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ ಮಾತ್ರ ಹಚ್ಚಹಸಿರು. ಎಲೆಯ ಮೇಲೆ ಉಪ್ಪಿನ ಹರಳು. ಸುಮ್ನೆ ನಾಲಿಗೆಗೆ ತಾಗಿಸಿದೆ, ಉಪ್ಪಿನಕಾಯಿ ಭರಣಿಯ ಬಾಯಿ ನೆಕ್ಕಿದ ಹಾಗಿತ್ತು.

ಹಾಗಾದರೆ ಭತ್ತಕ್ಕೆ ಉಪ್ಪು ತಡೆಯುವ ಜೀನ್, ಅಂದರೆ ವಂಶವಾಹಿ, ಇಲ್ಲವಾ? ಇದೆ. ಆದರೆ ಹಲಗೆ ಶೆಡ್ಡಿನಲ್ಲಿ ಬಿದ್ದಿದ್ದರೆ ಏನು ಬಂತು? ಯಾವಾಗ, ಯಾವ ಕಿಂಡಿಗೆ ಹಾಕಬೇಕು ಅಂತ ಗೊತ್ತಿರಬೇಕು, ಅಲ್ವಾ? ಗಿಡದೊಳಗಿನ ಈ ಲೆಕ್ಕಾಚಾರಕ್ಕೇ ಜೀನ್ ನಿಯಂತ್ರಣ ಅನ್ನುವುದು.

ಬೇರಿಗೆ ಉಪ್ಪು ತಗಲಿದ ಕೆಲವೇ ಸೆಕೆಂಡುಗಳಲ್ಲಿ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಸುದ್ದಿ ಮುಟ್ಟುವುದು ಹಾಗೆ. ಆಮೇಲೆ ಕೆಲವು ಪ್ರೋಟೀನುಗಳು ಬೇಕಾದ ಜೀನಿನ ಹೊಸ್ತಿಲಲ್ಲಿ ಹೋಗಿ ಕೂರುತ್ತವೆ, ಜೀನ್ ಆನ್ ಆಗುತ್ತದೆ.

ಈ ಸ್ವಿಚ್ಚನ್ನು ಯಾವಾಗಲೂ ಆನ್ ಇಟ್ಟರೆ ಒಳ್ಳೆಯದಲ್ವಾ ಅಂತ ನನಗೂ ಅನಿಸಿತ್ತು. ಸಾಸಿವೆಯ ನೆಂಟ ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡದಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. ಡ್ರೆಬ್ ಅನ್ನುವ ಜೀನನ್ನು ಸದಾ ಆನ್ ಇಟ್ಟಾಗ ಗಿಡ ಉಪ್ಪು ತಡೆಯಿತು, ಆದರೆ ಕುಳ್ಳಾಯಿತು. ಮಳೆಗಾಲದಲ್ಲೂ ಹಲಗೆ ತೆಗೆಯದಿದ್ದರೆ ತೋಟ ಮುಳುಗುತ್ತದಲ್ಲ, ಹಾಗೆ. ಕಷ್ಟ ಬಂದಾಗ ಮಾತ್ರ ಆನ್ ಆಗುವ ಹಾಗೆ 1999ರಲ್ಲಿ ಜಪಾನಿನವರು ಮಾಡಿದರು. ಗಿಡ ಚೆನ್ನಾಗಿಯೇ ಬೆಳೆಯಿತು.

ಜಾಗದ ಕತೆ ಇನ್ನೂ ಸ್ವಾರಸ್ಯ. ಅದೇ ಅರಾಬಿಡಾಪ್ಸಿಸ್‌ನ ಎಚ್‌ಕೆಟಿ ಅನ್ನುವ ಜೀನ್ ಬೇರಿನಲ್ಲಿ, ನೀರು ಮೇಲೇರುವ ಕೊಳವೆಯ ಸುತ್ತ ಕೆಲಸ ಮಾಡುತ್ತದೆ. ಎಲೆಗೆ ಹೊರಟ ಉಪ್ಪಿನ ಸೋಡಿಯಂ ಅನ್ನು ದಾರಿಯಲ್ಲೇ ಹಿಂದಕ್ಕೆಳೆಯುತ್ತದೆ. ಇದನ್ನು ಗಿಡದ ತುಂಬ ಆನ್ ಮಾಡಿದರೆ ಉಲ್ಟಾ, ಗಿಡ ಉಪ್ಪಿಗೆ ಬೇಗ ಸೋಲುತ್ತದೆ. ಕೊಳವೆಯ ಸುತ್ತ ಮಾತ್ರ ಜಾಸ್ತಿ ಮಾಡಿದರೆ ತಾಳುತ್ತದೆ.

ಭತ್ತದಲ್ಲಿರುವ ಇಂಥದ್ದೇ ಜೀನನ್ನು 2005ರಲ್ಲಿ ಗುರುತಿಸಿದ್ದು ನೋನಾ ಬೊಕ್ರಾ ಅನ್ನುವ ಬಂಗಾಳದ ಹಳೇ ತಳಿಯಲ್ಲಿ. ನಮ್ಮ ಕುಮಟಾ ಕಡೆಯ ಕಗ್ಗ ಭತ್ತವೂ ಉಪ್ಪು ನೀರು ನುಗ್ಗುವ ಗಜನಿ ಗದ್ದೆಯಲ್ಲೇ ಬೆಳೆಯುವಂಥದ್ದು. ಒಂದು ಹಿಡಿ ಬೀಜ ತರಿಸಿಕೊಂಡಿದ್ದೇನೆ. ಈ ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಹೊಳೆ ಬದಿಯ ಗದ್ದೆಗೆ ಹಾಕಿ ನೋಡುತ್ತೇನೆ. ಬರುತ್ತೇನೆ, ನಮಸ್ಕಾರ.