ಕಂಬಕ್ಕೆ ಬಡಿದ ಚೆಂಡು
(ಬ್ರಿಸ್ಬೇನ್‌ನ ಕನ್ನಡಿಗರ ಕೂಟದಲ್ಲಿ ಮಾಡಿದ ಉಪನ್ಯಾಸ)

ನಮಸ್ಕಾರ. ಈ ವಾರ ಜೂನಿಯರ್ ತಂಡಗಳ ಆಯ್ಕೆ ಮುಗಿದಿದೆ. ಮಗನ ಹೆಸರು ಪಟ್ಟಿಯಲ್ಲಿಲ್ಲ ಎಂದು ಮುಖ ಊದಿಸಿಕೊಂಡು ಕೂತ ತಂದೆಯರು ಇಲ್ಲಿ ನಾಲ್ಕೈದು ಮಂದಿಯಾದರೂ ಕಾಣುತ್ತಿದ್ದಾರೆ. ಮಕ್ಕಳು ಮಾತ್ರ ಹೊರಗೆ ಆಡಿಕೊಂಡಿದ್ದಾರೆ, ನೋಡಿ!

ರಗ್ಬಿ ಲೀಗ್ ಆಟಗಾರ ಜೊನಾಥನ್ ಥರ್ಸ್ಟನ್ ಯಾರೆಂದು ಈ ಊರಲ್ಲಿ ಹೇಳಬೇಕಿಲ್ಲ. ಹುಡುಗನಾಗಿದ್ದಾಗ ಮೈ ಸಣ್ಣದು ಅಂತ ಕ್ಲಬ್‌ಗಳು ಬೇಡ ಅಂದವು. ಕೊನೆಗೆ ಸಿಡ್ನಿಯ ಬುಲ್‌ಡಾಗ್ಸ್ ಕರೆಯಿತು. 2004ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಲೀಗಿನ ಅಂತಿಮ ಪಂದ್ಯದಲ್ಲಿ, ಬೆಂಚಿನಿಂದ ಎದ್ದು ಬಂದು ಆಡಿದ, ತಂಡ ಗೆದ್ದಿತು. ಗಾಯಗೊಂಡು ಆ ಪಂದ್ಯ ತಪ್ಪಿಸಿಕೊಂಡಿದ್ದ ನಾಯಕ ಸ್ಟೀವ್ ಪ್ರೈಸ್‌ಗೆ ಗೆದ್ದ ತಂಡದವರಿಗೆ ಸಿಗುವ ತನ್ನ ಉಂಗುರವನ್ನೇ ಕೊಟ್ಟುಬಿಟ್ಟ. ಮರುವರ್ಷ ಟೌನ್ಸ್‌ವಿಲ್‌ನ ಕೌಬಾಯ್ಸ್ ತಂಡ ಸೇರಿ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಗೆದ್ದು, ಫೈನಲ್ ಸೋತ. ಮತ್ತೆ ಫೈನಲ್ ಮುಟ್ಟಲು ಹತ್ತು ವರ್ಷ ಹಿಡಿಯಿತು.

ಆ ಹತ್ತು ವರ್ಷ ಯಾರಿಗೂ ನೆನಪಿಲ್ಲ. ಆರು ಸಲ ಟ್ಯಾಕಲ್ ಆದರೆ, ಅಂದರೆ ಚೆಂಡು ಹಿಡಿದವನನ್ನು ಹಿಡಿದು ನಿಲ್ಲಿಸಿದರೆ, ಚೆಂಡು ಎದುರಾಳಿಗೆ. 2013ರಲ್ಲಿ ಎದುರಾಳಿಗಳು ಏಳನೇ ಟ್ಯಾಕಲ್‌ನಲ್ಲಿ ಗಳಿಸಿದ ಟ್ರೈ (ಗೆರೆಯಾಚೆ ಚೆಂಡು ನೆಲಕ್ಕೆ ಮುಟ್ಟಿಸಿ ಪಡೆಯುವ ನಾಲ್ಕು ಅಂಕ) ಕೌಬಾಯ್ಸ್ ತಂಡವನ್ನು ಮನೆಗೆ ಕಳಿಸಿತು. ಆರು ಎಣಿಸಲು ಬಾರದ ರೆಫರಿಗಳು! 2014ರಲ್ಲಿ ರೂಸ್ಟರ್ಸ್ ಎದುರು 30–0 ಹಿಂದೆ ಬಿದ್ದವರು 30–30ಕ್ಕೆ ಬಂದು, ಒಂದೇ ಅಂಕದಿಂದ ಸೋತರು. ಆಗ ಪತ್ರಿಕೆ ಓದಿದವರಿಗೆ ಈತ 'ದೊಡ್ಡ ಪಂದ್ಯ ಗೆಲ್ಲಿಸಲಾರದ' ಆಟಗಾರ. ಅಂಕಪಟ್ಟಿ ನೋಡಿ ಮನುಷ್ಯನನ್ನು ಅಳೆಯುವ ಚಟ ಅಂದರೆ ಇದೇ.

ಇನ್ನು 2015ರ ಅಕ್ಟೋಬರ್ 4, ಕೌಬಾಯ್ಸ್ ಮತ್ತು ನಮ್ಮೂರಿನ ಬ್ರಾಂಕೋಸ್ ನಡುವಿನ ಫೈನಲ್. ಬ್ರಾಂಕೋಸ್ ಅಭಿಮಾನಿಗಳು ಬೇಕಿದ್ದರೆ ಎದ್ದು ಕಾಫಿ ಕುಡಿದು ಬನ್ನಿ. ಕೊನೆಯ ಕ್ಷಣದವರೆಗೂ 16–12, ಬ್ರಾಂಕೋಸ್ ಮುಂದೆ. ಕೌಬಾಯ್ಸ್‌ನ ಮಾರ್ಗನ್ ಕೈಯಿಂದ ಚೆಂಡು ಹಾರಿ, ಜೊತೆಗಾರ ಫೆಲ್ಟ್ ಮೂಲೆಯಲ್ಲಿ ಟ್ರೈ ಇಟ್ಟ. ಸಮ. ಟ್ರೈ ಆದಮೇಲೆ ಸಿಗುವ ಹೆಚ್ಚುವರಿ ಒದೆತ, ಕನ್ವರ್ಶನ್, ಥರ್ಸ್ಟನ್ ಪಕ್ಕದ ಗೆರೆಯಿಂದ ಒದೆಯಬೇಕು, ಕಂಬಗಳ ನಡುವೆ ಹೋದರೆ ಕಪ್ ತಂಡಕ್ಕೆ. ಒದ್ದ. ಚೆಂಡು ಬಾಗಿ ಬಾಗಿ ಬಂತು, ಕಂಬಕ್ಕೆ ಬಡಿದು ಹೊರಗೆ ಹೋಯಿತು. ಟೌನ್ಸ್‌ವಿಲ್‌ನಲ್ಲಿ ಎಷ್ಟು ಟಿವಿಗಳು ಒಡೆದವೋ ಏನೋ! ಗೋಲ್ಡನ್ ಪಾಯಿಂಟ್ ಶುರುವಾಯಿತು, ಮೊದಲು ಅಂಕ ಗಳಿಸಿದವರೇ ಗೆದ್ದಂತೆ. ಮೊದಲ ಒದೆತದ ಚೆಂಡೇ ಬ್ರಾಂಕೋಸ್‌ನ ಬೆನ್ ಹಂಟ್ ಕೈಯಿಂದ ಜಾರಿತು. ಸ್ವಲ್ಪ ಹೊತ್ತಿಗೆ ಥರ್ಸ್ಟನ್ ಒಂದು ಅಂಕದ ಡ್ರಾಪ್ ಗೋಲ್ ಹೊಡೆದ. 17–16.

ಹಂಟ್ ಆ ಚೆಂಡು ಹಿಡಿದಿದ್ದರೆ? ಬ್ರಾಂಕೋಸ್ ಗೆದ್ದಿದ್ದರೆ? ಕಂಬಕ್ಕೆ ಬಡಿದ ಆ ಒದೆತವನ್ನೇ ಇಂದಿಗೂ ತೋರಿಸುತ್ತಿದ್ದರು. ಅದೇ ಕಾಲು, ಅದೇ ಸಂಜೆ. ಆದರೆ ಪದಕ ಥರ್ಸ್ಟನ್‌ಗೆ, ಬೈಗುಳ ಹಂಟ್‌ಗೆ. ಹಂಟ್ ಬಗ್ಗೆ ನನಗೆ ಮರುಕ ಹೆಚ್ಚು. 2022ರಲ್ಲಿ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಿನ ಆರಿಜಿನ್ ಸರಣಿಯ ನಿರ್ಣಾಯಕ ಪಂದ್ಯದಲ್ಲಿ, ಇದೇ ಊರಿನ ಸನ್‌ಕಾರ್ಪ್ ಕ್ರೀಡಾಂಗಣದಲ್ಲಿ, ಎದುರಾಳಿ ಒದ್ದ ಚೆಂಡು ಹಿಡಿದು ಅವನು ಓಡಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಆ ರಾತ್ರಿ ಏಳು ವರ್ಷದ ಬೈಗುಳ ಎಲ್ಲಿ ಹೋಯಿತು?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಥರ್ಸ್ಟನ್‌ನ ಭುಜದ ಗಾಯದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಬೇಗ ಮುಗಿಸುತ್ತೇನೆ. 2017ರ ಎರಡನೇ ಆರಿಜಿನ್‌ನಲ್ಲಿ ನೋಯುವ ಭುಜ ಇಟ್ಟುಕೊಂಡೇ ಗೆಲುವಿನ ಕನ್ವರ್ಶನ್ ಒದ್ದ, 18–16. ಅಲ್ಲಿಗೆ ಅವನ ಆ ಋತು ಮುಗಿಯಿತು. ಎಂಟನೇ ಸ್ಥಾನದಿಂದ ನುಸುಳಿದ ಕೌಬಾಯ್ಸ್ ಅವನಿಲ್ಲದೆಯೇ ಫೈನಲ್ ತಲುಪಿ, ಮೆಲ್ಬರ್ನ್‌ನ ಸ್ಟಾರ್ಮ್ ತಂಡದ ಎದುರು ಚೆನ್ನಾಗಿ ಹೊಡೆಸಿಕೊಂಡಿತು. 2018ರಲ್ಲಿ ನಿವೃತ್ತಿ. ನಾಲ್ಕು ಡ್ಯಾಲಿ ಎಂ ಪದಕಗಳ ಲೆಕ್ಕ ಬೇಕಾದವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ. ಮುಖ ಊದಿಸಿಕೊಂಡ ತಂದೆಯರಿಗೆ ಮೊದಲ ಸರದಿ.