ಸಣ್ಣ ಹಿಂಡಿನಲ್ಲಿ ಹುಂಜಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ. ಪಾರಂಪರಿಕ ತಳಿಯ ಕೋಳಿಗಳನ್ನು ಸಾಕಲು ಹೊರಟವರಲ್ಲಿ ಅನೇಕರು ಹತ್ತು ಹೇಂಟೆ, ಒಂದು ಹುಂಜ ಎಂಬ ಲೆಕ್ಕದಿಂದ ಆರಂಭಿಸುತ್ತಾರೆ. ಮೊಟ್ಟೆ ಮಾತ್ರ ಸಾಕೆನ್ನುವವರಿಗೆ ಹುಂಜದ ಅಗತ್ಯವೇ ಇಲ್ಲ. ಆಗೀಗ ಒಂದಿಷ್ಟು ಮರಿ ಮಾಡಿಸುವವರಿಗೆ ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಆದರೆ ಒಂದು ತಳಿಯನ್ನು ಅದರ ಗುಣ ಕೆಡದಂತೆ ಹತ್ತಾರು ವರ್ಷ ಮುಂದಕ್ಕೆ ಒಯ್ಯಬೇಕೆಂಬ ಆಸೆ ಇರುವವರಿಗೆ ಒಂದು ಹುಂಜ ಸಾಲದು. ಈ ಹೊತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಸಹಜವಾಗಿ ಕೂಡಿ ತನ್ನಂಥವೇ ಮರಿಗಳನ್ನು ಕೊಡುವ, ನಿಧಾನವಾಗಿ ಬೆಳೆಯುವ, ಬಯಲಿನಲ್ಲಿ ಓಡಾಡಿಕೊಂಡು ಬಹುಕಾಲ ಬಾಳುವ ಕೋಳಿಯನ್ನು ಪಾರಂಪರಿಕ ತಳಿಯದೆನ್ನುತ್ತೇವೆ. ಅಮೆರಿಕದ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಇದಕ್ಕೆ ಅಳತೆಗಳನ್ನೇ ಗೊತ್ತುಮಾಡಿದೆ. ಅದರ ಪ್ರಕಾರ ಹೇಂಟೆ 5ರಿಂದ 7 ವರ್ಷ, ಹುಂಜ 3ರಿಂದ 5 ವರ್ಷ ಸಂತಾನಕ್ಕೆ ಯೋಗ್ಯವಾಗಿ ಉಳಿಯಬೇಕು. ಮಾರಾಟದ ತೂಕಕ್ಕೆ ಬರಲು ಕನಿಷ್ಠ 16 ವಾರ ಹಿಡಿಯಬೇಕು. ಕೈಗಾರಿಕೆಯ ಬ್ರಾಯ್ಲರ್ ಕೋಳಿ ಸುಮಾರು 6 ವಾರದಲ್ಲಿ ಮಾರಾಟಕ್ಕೆ ಸಿದ್ಧವಾಗುತ್ತದೆ. ಅಮೆರಿಕದಲ್ಲಿ ಹೆಚ್ಚು ಮಾಂಸ ಕೊಡುವ ಕೋಳಿಗಾಗಿ ನಡೆದು 1948ರಲ್ಲಿ ಮುಗಿದ ‘ನಾಳಿನ ಕೋಳಿ’ ಸ್ಪರ್ಧೆಯನ್ನು ಗೆದ್ದದ್ದು ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳ ಮಿಶ್ರಣವೇ ಹೊರತು ಶುದ್ಧ ತಳಿಯಲ್ಲ. ಮುಂದಿನ ದಶಕಗಳಲ್ಲಿ ಮಾರುಕಟ್ಟೆಯೆಲ್ಲ ಇಂಥ ಮಿಶ್ರತಳಿಗಳ ಪಾಲಾಯಿತು. ಮಿಶ್ರತಳಿಯ ಕೋಳಿಯಿಂದ ಮರಿ ಮಾಡಿಸಿದರೆ ಅವು ತಾಯಿತಂದೆಯರಂತೆ ಬರುವುದಿಲ್ಲವಾದ್ದರಿಂದ ಸಾಕುವವನು ಪ್ರತಿ ಸಲವೂ ಮರಿಗಳನ್ನು ಕೊಂಡೇ ತರಬೇಕಾಗುತ್ತದೆ. ತಳಿಯನ್ನು ಸಾಕುವವನ ಕೈಯಲ್ಲೇ ಬಿಡುವುದು ಪಾರಂಪರಿಕ ಕೋಳಿಯ ದೊಡ್ಡ ಗುಣ, ಆದ್ದರಿಂದಲೇ ಅದನ್ನು ಕೆಡಿಸುವ ಸಾಧ್ಯತೆಯೂ ಅವನ ಕೈಯಲ್ಲೇ ಇರುತ್ತದೆ.

ಮೊದಲ ವರ್ಷಗಳಲ್ಲಿ ನಾನೂ ಹಾಗೆ ಕೆಡಿಸಿದೆ. ಹಿಂಡಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ, ತುಂಬು ಬಾಲದೊಂದಿಗೆ ಬೆಳೆದ ಒಂದೇ ಹುಂಜವನ್ನು ಇಟ್ಟುಕೊಂಡೆ. ಮರುವರ್ಷ ಅದರ ಮಗನನ್ನು, ಆಮೇಲೆ ಮೊಮ್ಮಗನನ್ನು ಇಟ್ಟುಕೊಂಡೆ. ನೋಡಲು ಹಿಂಡು ಚೆನ್ನಾಗಿಯೇ ಇತ್ತು. ಆದರೆ ಮೂರನೆಯ ವರ್ಷ ಕಾವಿಗಿಟ್ಟ ಮೊಟ್ಟೆಗಳಲ್ಲಿ ಹಲವು ಒಡೆಯಲೇ ಇಲ್ಲ, ಒಡೆದವುಗಳಲ್ಲೂ ಬಡಕಲು ಮರಿಗಳು ಹೆಚ್ಚಾಗಿದ್ದವು. ಮೇವು, ಕಾವು, ನೀರು ಎಲ್ಲವನ್ನೂ ದೂರಿದ ಮೇಲೆ ಕಾರಣ ಹೊಳೆಯಿತು: ಆ ಮರಿಗಳೆಲ್ಲ ಒಂದೇ ತಂದೆಯ ವಂಶದವು.

ಇದಕ್ಕೊಂದು ಸರಳ ಗಣಿತವಿದೆ. ರಕ್ತಸಂಬಂಧ ಪ್ರತಿ ಪೀಳಿಗೆಯಲ್ಲೂ ಎಷ್ಟು ಬಿಗಿಯಾಗುತ್ತದೆ ಎಂಬುದನ್ನು ಗಂಡುಗಳ ಸಂಖ್ಯೆ ಮತ್ತು ಹೆಣ್ಣುಗಳ ಸಂಖ್ಯೆ ಎರಡೂ ನಿರ್ಧರಿಸುತ್ತವೆ, ಆದರೆ ಯಾವುದು ಕಡಿಮೆಯೋ ಅದರ ಮಾತೇ ಹೆಚ್ಚು ನಡೆಯುತ್ತದೆ. ಒಂದು ಹುಂಜ, ಹತ್ತು ಹೇಂಟೆ ಇದ್ದರೆ ಪೀಳಿಗೆಗೆ ಸುಮಾರು ಶೇಕಡ 13.75ರಷ್ಟು ಒಳಸಂಬಂಧ, ಅಂದರೆ ರಕ್ತಸಂಬಂಧಿಗಳೇ ಕೂಡುವುದರಿಂದ ಬರುವ ಬಿಗಿತ, ಸೇರುತ್ತದೆ. ಹೇಂಟೆಗಳನ್ನು ಇಪ್ಪತ್ತಕ್ಕೆ ಏರಿಸಿದರೂ ಅದು ಶೇಕಡ 13ಕ್ಕೆ ಇಳಿದೀತು, ಅಷ್ಟೆ. ಅದೇ ಹತ್ತು ಹೇಂಟೆಗಳಿಗೆ ಮೂರು ಹುಂಜಗಳನ್ನು ಇಟ್ಟರೆ ಶೇಕಡ ಐದೂವರೆಗಿಂತ ಕೆಳಗೆ ಬರುತ್ತದೆ. ಹತ್ತು ಹೇಂಟೆಗಳ ಖರ್ಚಿನಿಂದ ಸಿಗದ ಲಾಭ ಎರಡು ಹುಂಜಗಳಿಂದ ಸಿಕ್ಕಿತು.

ಮೂರು ಹುಂಜಗಳನ್ನು ಒಂದೇ ಹಿಂಡಿನಲ್ಲಿ ಬಿಟ್ಟರೆ ಬಲಶಾಲಿಯಾದದ್ದು ಉಳಿದೆರಡನ್ನು ಹತ್ತಿರ ಸುಳಿಯಗೊಡುವುದಿಲ್ಲ. ಆಗ ಕಾಗದದ ಮೇಲೆ ಮೂರಿದ್ದರೂ ಮರಿಗಳ ತಂದೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಆದ್ದರಿಂದ ಮರಿ ಮಾಡಿಸುವ ತಿಂಗಳುಗಳಲ್ಲಾದರೂ ಹಿಂಡನ್ನು ಮೂರು ಗೂಡುಗಳಾಗಿ ಬೇರ್ಪಡಿಸಿ, ಪ್ರತಿ ಗೂಡಿಗೆ ಒಂದು ಹುಂಜ ಮತ್ತು ಮೂರು ನಾಲ್ಕು ಹೇಂಟೆಗಳನ್ನು ಬಿಡಬೇಕು. ಹುಟ್ಟಿದ ಹೆಣ್ಣುಮರಿಗಳು ತಾಯಿಯ ಗೂಡಿನಲ್ಲೇ ಉಳಿಯಬೇಕು. ಗಂಡುಮರಿಗಳಲ್ಲಿ ಆರಿಸಿದ್ದು ಬಲಿತ ಮೇಲೆ ಪಕ್ಕದ ಗೂಡಿಗೆ ಹೋಗಬೇಕು. ಮೊದಲನೆಯ ಗೂಡಿನದು ಎರಡಕ್ಕೆ, ಎರಡರದು ಮೂರಕ್ಕೆ, ಮೂರರದು ಮತ್ತೆ ಒಂದಕ್ಕೆ ಎಂದು ಸುತ್ತು ತಿರುಗುತ್ತಿದ್ದರೆ ಅಣ್ಣತಂಗಿಯರು ಕೂಡುವ ಪ್ರಸಂಗವೇ ಬರುವುದಿಲ್ಲ. ಕಾಲಿಗೆ ಗೂಡಿಗೊಂದು ಬಣ್ಣದ ಬಳೆ ಮತ್ತು ಒಂದು ನೋಟುಪುಸ್ತಕ ಇದ್ದರೆ ಲೆಕ್ಕ ತಪ್ಪುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು: ಹೇಂಟೆಯ ದೇಹದಲ್ಲಿ ಹುಂಜದ ವೀರ್ಯ ಎರಡು ವಾರ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ದಿನ ಜೀವಂತವಾಗಿರುತ್ತದೆ. ಹುಂಜವನ್ನು ಬದಲಿಸಿದ ಮೇಲೆ ಮೂರು ನಾಲ್ಕು ವಾರ ಕಾದು, ಅನಂತರದ ಮೊಟ್ಟೆಗಳನ್ನಷ್ಟೇ ಕಾವಿಗೆ ಇಡಬೇಕು.

ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ ಆಗಿರುವುದರಿಂದ ಆರಿಸುವುದಕ್ಕೆ ಬೇಕಾದಷ್ಟು ಅವಕಾಶವಿದೆ, ಮಿಕ್ಕವನ್ನು ಏನು ಮಾಡುವುದೆಂಬ ನಿರ್ಧಾರ ಮಾತ್ರ ಮೊದಲೇ ಆಗಿರಬೇಕು. ಎಂಟನೆಯ ವಾರ ಒಮ್ಮೆ, ಹದಿನಾರನೆಯ ವಾರ ಇನ್ನೊಮ್ಮೆ ತೂಗಿ ನೋಡಿ. ಆದರೆ ತೂಕವೊಂದನ್ನೇ ನೆಚ್ಚಬೇಡಿ. ಎದೆಯ ಮೂಳೆ ನೇರವಾಗಿದೆಯೇ, ಬೆರಳುಗಳು ಸೊಟ್ಟವಾಗಿಲ್ಲವೇ, ನಡಿಗೆ ಗಟ್ಟಿಯಾಗಿದೆಯೇ ಎಂದು ಕೈಯಲ್ಲಿ ಹಿಡಿದು ಪರೀಕ್ಷಿಸಬೇಕು. ಮನುಷ್ಯರ ಮೇಲೆ ಎರಗುವ ಹುಂಜ ಎಷ್ಟೇ ಚೆಲುವಾಗಿದ್ದರೂ ಅದರಿಂದ ಮರಿ ಮಾಡಿಸಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೇಂಟೆಗಳಲ್ಲಿ ಎರಡನೆಯ, ಮೂರನೆಯ ವರ್ಷದವುಗಳಿಗೆ ನಾನು ಆದ್ಯತೆ ಕೊಡುತ್ತೇನೆ. ಅವು ರೋಗಗಳನ್ನು ದಾಟಿ, ಪುಕ್ಕ ಉದುರಿಸುವ ಕಾಲವನ್ನು ಕಳೆದು, ಮತ್ತೆ ಮೊಟ್ಟೆಗೆ ಬಂದಿರುತ್ತವೆ. ದೀರ್ಘಾಯುಷ್ಯ ಬೇಕೆನ್ನುವವನು ವಯಸ್ಸಾದ ತಾಯಂದಿರಿಂದಲೇ ಮರಿ ಪಡೆಯಬೇಕಲ್ಲವೇ?

ಕಾವು ಕೂರುವ ಗುಣದ ವಿಷಯವೂ ಹೀಗೆಯೇ. ಮೊಟ್ಟೆಗೆಂದೇ ಬೆಳೆಸಿದ ವೈಟ್ ಲೆಗ್‌ಹಾರ್ನ್‌ನಂಥ ತಳಿಯಲ್ಲಿ ಅದು ಬಹುಮಟ್ಟಿಗೆ ಅಳಿದಿದೆ, ಏಕೆಂದರೆ ಕಾವು ಕೂತ ಹೇಂಟೆ ಮೊಟ್ಟೆ ನಿಲ್ಲಿಸುತ್ತದೆ. ನಾವು ಯಾವಾಗಲೂ ಯಂತ್ರದಲ್ಲೇ ಮರಿ ಮಾಡಿಸಿದರೆ, ಕಾವು ಕೂರದೆ ಇಡುತ್ತಲೇ ಇರುವ ಹೇಂಟೆಯ ಮೊಟ್ಟೆಗಳೇ ಯಂತ್ರಕ್ಕೆ ಹೆಚ್ಚು ಸೇರಿ, ನಮಗರಿವಿಲ್ಲದೆ ಆ ಗುಣವನ್ನು ಹಿಂಡಿನಿಂದ ಹೊರಗೆ ಹಾಕುತ್ತೇವೆ. ಪ್ರತಿ ವರ್ಷ ಒಂದೆರಡು ಹೇಂಟೆಗಳಿಗಾದರೂ ಹತ್ತು ಹನ್ನೆರಡು ಮೊಟ್ಟೆ ಕೊಟ್ಟು ಕೂರಿಸುವುದು ಒಳ್ಳೆಯದು. ಯಂತ್ರ ಬಳಸುವಾಗ, ಗಾಳಿಯಾಡಿಸುವ ಪಂಖವಿದ್ದರೆ 37.5 ಡಿಗ್ರಿ ಸೆಲ್ಸಿಯಸ್ ಶಾಖ ಇರಲಿ. 18ನೆಯ ದಿನ ಮೊಟ್ಟೆ ಹೊರಳಿಸುವುದನ್ನು ನಿಲ್ಲಿಸಿ ತೇವ ಹೆಚ್ಚಿಸಿದರೆ 21ನೆಯ ದಿನದ ಹೊತ್ತಿಗೆ ಮರಿಗಳು ಚಿಪ್ಪೊಡೆಯುತ್ತವೆ.

ಗೂಡು, ಮೇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿ ಆಡಬೇಕು, ನೆಲ ಒಣಗಿರಬೇಕು, ಕೂರುವ ಕೋಲಿನ ಮೇಲೆ ಪ್ರತಿ ಕೋಳಿಗೂ ಒಂದು ಗೇಣು ಜಾಗ ಇರಬೇಕು. ಮೊಟ್ಟೆ ಇಡುವ ಕೋಳಿಯ ಸುಣ್ಣ ಹೆಚ್ಚಿರುವ ಮೇವನ್ನು ಮರಿಗಳಿಗೆ ಹಾಕಬಾರದು, ಅವುಗಳ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ರಾಣಿಖೇತ್ ಎಂದೂ ಕರೆಯುವ ಕೊಕ್ಕರೆ ರೋಗದ ಲಸಿಕೆಯನ್ನು ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು. ಹೊರಗಿನಿಂದ ತಂದ ಕೋಳಿಯನ್ನು ಒಂದು ತಿಂಗಳು ಪ್ರತ್ಯೇಕವಾಗಿ ಇಟ್ಟು ನೋಡದೆ ಹಿಂಡಿಗೆ ಬಿಡಬಾರದು.

ಇನ್ನೊಂದು ಮಾತಿದೆ. ಮೂರು ಗೂಡುಗಳ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಒಂದು ರಾತ್ರಿಯ ಮುಂಗುಸಿಗೋ ಒಂದು ವಾರದ ರೋಗಕ್ಕೋ ಇಡೀ ಹಿಂಡು ಬಲಿಯಾಗಬಹುದು. ಆದ್ದರಿಂದ ನಿಮ್ಮ ತಳಿಯ ಮೊಟ್ಟೆಗಳನ್ನು ದೂರದಲ್ಲಿರುವ ಇನ್ನೊಬ್ಬ ಆಸಕ್ತರಿಗೆ ಕೊಟ್ಟಿರಿ. ಮುಂದೊಂದು ದಿನ ನಿಮಗೆ ಸಂಬಂಧ ದೂರವಾದ ಹುಂಜ ಬೇಕಾದಾಗ ಅಲ್ಲಿಂದಲೇ ತರಬಹುದು. ಮೊಟ್ಟೆಗಳು ಇಟ್ಟು ಒಂದು ವಾರದೊಳಗಿನವಾಗಿರಲಿ, ಅವುಗಳನ್ನು ತೊಳೆಯಬೇಡಿ. ಪಯಣ ಮುಗಿಸಿ ಬಂದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ ತಂಪಾದ ಜಾಗದಲ್ಲಿ ಒಂದು ಹಗಲು, ಒಂದು ರಾತ್ರಿ ಅಲುಗಿಸದೆ ಇಟ್ಟು, ಆಮೇಲೆ ಹೇಂಟೆಯ ಕೆಳಗೆ ಇಡುವಂತೆ ಅವರಿಗೆ ತಿಳಿಸಿ. ನಮಸ್ಕಾರ.