ಅಪೊಲೊ ಸುಳ್ಳಲ್ಲ, ಲೆಕ್ಕ ಅರ್ಧ

ನಮಸ್ಕಾರ. 2023ರ ಆಗಸ್ಟ್ 23ರ ಸಂಜೆ, ಪೀಣ್ಯದಲ್ಲಿರೋ ಇಸ್ರೋ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ, ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದ ಸುದ್ದಿ ಬಂದಾಗ ಬೆಂಗಳೂರು ಕುಣಿದಾಡಿತು. ಅದೇ ಊರಿನ ವಾಟ್ಸಾಪ್ ಗ್ರೂಪುಗಳಲ್ಲೇ ಈ ಫಾರ್ವರ್ಡೂ ಓಡಾಡುತ್ತೆ: ‘ವ್ಯಾನ್ ಅಲೆನ್ ಪಟ್ಟಿ ದಾಟಿದ ಮನುಷ್ಯ ಬದುಕಲ್ಲ, ಅಪೊಲೊ ಬರೀ ನಾಟಕ.’

ಅಪೊಲೊ ಅಂದ್ರೆ ಅಮೆರಿಕದ ನಾಸಾ ಮನುಷ್ಯರನ್ನ ಚಂದ್ರನಿಗೆ ಕಳಿಸಿದ ಯಾನಗಳು. ವ್ಯಾನ್ ಅಲೆನ್ ಪಟ್ಟಿ ಅಂದ್ರೆ ಭೂಮಿಯ ಕಾಂತಕ್ಷೇತ್ರ ಹಿಡಿದಿಟ್ಟಿರೋ ವಿಕಿರಣ ಕಣಗಳ ಬಳೆ, ಒಳಗೊಂದು, ಹೊರಗೊಂದು. ಅಪೊಲೊ-11 ಚಂದ್ರನ ಮೇಲೆ ಬಿಟ್ಟುಬಂದ ಭಾಗದ ಫೋಟೊವನ್ನು ನಮ್ಮ ಚಂದ್ರಯಾನ-2 ತೆಗೆದಿದೆ, ಅದು ಪಕ್ಕಕ್ಕಿರಲಿ. ಪಟ್ಟಿ ನಿಜ, ವಿಕಿರಣವೂ ನಿಜ. ಈ ಲೆಕ್ಕದಲ್ಲಿ ಬಿಟ್ಟುಹೋಗಿರೋದು ಸಮಯ. ಮಂಗಳಾರತಿ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಳ್ತೀರಿ, ಸುಡಲ್ಲ. ಅದೇ ಕೈ ಅಲ್ಲೇ ಒಂದು ನಿಮಿಷ ಇಟ್ಟು ನೋಡಿ.

ಚಂದ್ರಯಾನ-3 ಜುಲೈ 14ಕ್ಕೆ ಹೊರಟು, ತಿಂಗಳ ಕೊನೆವರೆಗೂ ಭೂಮಿಯನ್ನೇ ಉದ್ದುದ್ದ ಸುತ್ತಿತು. ಸಣ್ಣ ರಾಕೆಟ್‌ನಲ್ಲಿ ದೂರ ಹೋಗೋ ಜಾಣತನ ಅದು. ಆದರೆ ಪ್ರತಿ ಸುತ್ತಿಗೂ ಹೋಗ್ತಾ ಒಮ್ಮೆ, ಬರ್ತಾ ಒಮ್ಮೆ ಪಟ್ಟಿಯೊಳಗೆ ನುಗ್ಗಬೇಕು. ಯಂತ್ರ ತಡಕೊಳ್ಳುತ್ತೆ, ಮನುಷ್ಯರನ್ನ ಈ ದಾರೀಲಿ ಕಳಿಸಬಾರದು. ಅಪೊಲೊಗೆ ಸ್ಯಾಟರ್ನ್-5 ರಾಕೆಟ್‌ನ ಮೂರನೇ ಹಂತ ಒಂದೇ ತಳ್ಳಿಗೆ ಗಂಟೆಗೆ ಸುಮಾರು 39,000 ಕಿ.ಮೀ. ವೇಗ ಕೊಟ್ಟಿತು. ಓರೆ ದಾರಿ ಹಿಡಿದು, ಪ್ರೋಟಾನ್ ದಟ್ಟವಾಗಿರೋ ಒಳಪಟ್ಟಿಯ ಅಂಚು ಸವರಿ, ಕೆಲವೇ ಗಂಟೆಗಳಲ್ಲಿ ಆಚೆ. ಅಪೊಲೊ-11ರಲ್ಲಿ ಚರ್ಮಕ್ಕೆ ಬಿದ್ದ ವಿಕಿರಣ ಸರಾಸರಿ 0.18 ರ‍್ಯಾಡ್. ರ‍್ಯಾಡ್ ಅಂದ್ರೆ ಮೈ ಹೀರಿಕೊಂಡ ವಿಕಿರಣದ ಅಳತೆ. ಅತಿ ಹೆಚ್ಚು ಅಪೊಲೊ-14ರಲ್ಲಿ, 1.14, ಅದರ ದಾರಿ ಪಟ್ಟಿಯ ಒಡಲಿಗೆ ಹತ್ತಿರವಿತ್ತು. ಪ್ರಾಣ ಹೋಗೋ ಮಟ್ಟ ಇಡೀ ದೇಹಕ್ಕೆ 300ರಿಂದ 500 ರ‍್ಯಾಡ್.

‘ವಿಕಿರಣ ತಡೆಯೋಕೆ ಆರಡಿ ಸೀಸ ಬೇಕಿತ್ತಲ್ಲ?’ ಅಂತಾರೆ. ಬೇಡ. ಹೊರಪಟ್ಟಿಯಲ್ಲಿರೋದು ಹೆಚ್ಚಾಗಿ ಎಲೆಕ್ಟ್ರಾನು. ಸೀಸದಂಥ ಭಾರದ ಲೋಹಕ್ಕೆ ಬಡಿದು ಅದು ತಟ್ಟನೆ ನಿಂತರೆ ಎಕ್ಸ್-ರೇ ಹುಟ್ಟುತ್ತೆ. ಲ್ಯಾಬಿನ ಎಕ್ಸ್-ರೇ ಟ್ಯೂಬ್ ಕೆಲಸ ಮಾಡೋದೂ ಹೀಗೇ. ಅಲ್ಯೂಮಿನಿಯಂನಲ್ಲಿ ಈ ಕಾಟ ಕಮ್ಮಿ. ಹೈಡ್ರೋಜನ್ ತುಂಬಿರೋ ನೀರು, ಪಾಲಿಥಿನ್ ಇನ್ನೂ ವಾಸಿ.

ಅಪೊಲೊ ಪರ ವಾದಿಸೋರು ನುಂಗಿಕೊಳ್ಳೋ ಮಾತೊಂದಿದೆ: ಅದೃಷ್ಟ. 1972ರ ಆಗಸ್ಟ್ ಮೊದಲ ವಾರ ಸೂರ್ಯ ಭಾರಿ ಪ್ರೋಟಾನ್ ಬಿರುಗಾಳಿ ಎಬ್ಬಿಸಿದ. ಅಪೊಲೊ-16 ಏಪ್ರಿಲ್‌ನಲ್ಲೇ ಮರಳಿತ್ತು, ಅಪೊಲೊ-17 ಹೊರಡೋದು ಡಿಸೆಂಬರ್‌ಗೆ. ಆ ಹೊತ್ತಲ್ಲಿ ಯಾರಾದ್ರೂ ಬರೀ ಸೂಟ್ ತೊಟ್ಟು ಚಂದ್ರನ ನೆಲದ ಮೇಲಿದ್ದಿದ್ರೆ ಕಾಯಿಲೆ ಬೀಳೋ ಸಾಧ್ಯತೆ ದಟ್ಟವಾಗಿತ್ತು. ಇಳಿಯೋ ನೌಕೆಯ ಗೋಡೆಯೂ ತೆಳು. ಇದ್ದ ದಾರಿ ಒಂದೇ, ಬೇಗ ಮೇಲೆದ್ದು ಚಂದ್ರನನ್ನ ಸುತ್ತುತ್ತಿರೋ ದಪ್ಪ ಗೋಡೆಯ ಮುಖ್ಯ ನೌಕೆ, ಕಮಾಂಡ್ ಮಾಡ್ಯೂಲ್ ಸೇರೋದು.

ನನ್ನ ಪ್ರಕಾರ ನಿಜವಾದ ತಲೆನೋವು ಹೋಗಿಬರೋದಲ್ಲ, ಉಳಿಯೋದು. ಚೀನಾದ ಚಾಂಗ್-ಇ-4 ನೌಕೆ ಚಂದ್ರನ ನೆಲದ ಮೇಲೆ ಅಳೆದದ್ದು ದಿನಕ್ಕೆ 1,369 ಮೈಕ್ರೋಸೀವರ್ಟ್ (ಸೀವರ್ಟ್ ಅಂದ್ರೆ ವಿಕಿರಣ ದೇಹಕ್ಕೆ ಮಾಡೋ ಹಾನಿಯ ಅಳತೆ, ಸಾವಿರ ಮೈಕ್ರೋಗೆ ಒಂದು ಮಿಲಿ). ವರ್ಷಕ್ಕೆ ಗುಣಿಸಿ, ಹತ್ತಿರಹತ್ತಿರ 500 ಮಿಲಿಸೀವರ್ಟ್. ನಾಸಾ ಒಬ್ಬ ಗಗನಯಾತ್ರಿಯ ಇಡೀ ವೃತ್ತಿಗೆ ಇಟ್ಟಿರೋ ಮಿತಿಯೇ 600. ಗೋಡೆಯ ಲೋಹವನ್ನ ದಪ್ಪ ಮಾಡ್ತೀನಿ ಅಂದ್ರೆ, ದೂರದ ಬಾಹ್ಯಾಕಾಶದಿಂದ ರಭಸವಾಗಿ ಬರೋ ಕಾಸ್ಮಿಕ್ ಕಣ ಅದರೊಳಗೇ ಒಡೆದು ನ್ಯೂಟ್ರಾನ್ ಚೆಲ್ಲುತ್ತೆ. ಸುಲಭಕ್ಕೆ ಸಿಗೋದು ಅಲ್ಲಿನ ಮಣ್ಣೇ, ಮನೆ ಮೇಲೆ ಎರಡು ಮೂರು ಮೀಟರ್ ಸುರಿಯಬೇಕು.

ನಮ್ಮ ಭೂಮಿ ಮೇಲಾದ್ರೆ ಅದಕ್ಕೆ ಒಂದು ಜೆಸಿಬಿ ಕರೆಸ್ತೀವಿ. ಅಲ್ಲಿ ತೂಕ ಆರನೇ ಒಂದು ಭಾಗ. ಬಕೆಟ್ ನೆಲಕ್ಕೆ ಒತ್ತಿದ್ರೆ ಮಣ್ಣು ಬರೋ ಬದಲು ಗಾಡೀನೇ ಮೇಲೇಳುತ್ತೆ.